ಕಣ್ಣಿನ ಹನಿಮದ್ದು: ಹೆಸರು ಬದಲಾದರೆ ಗುಣವೂ ಬದಲಾಗುವುದೆ?

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಹಾವೇರಿಗೆ ಮುಂಚೆ ಕರ್ಜಗಿ ಸಿಗುತ್ತದೆ. ಹಾವೇರಿಯನ್ನು ದಾಟಿದರೆ ಬ್ಯಾಡಗಿ, ಅದರಾಚೆ ರಾಣೆಬೆನ್ನೂರು. ಗೋವಿನಜೋಳ, ಹತ್ತಿ, ಜೋಳ, ಮೆಣಸಿನಕಾಯಿಗಳ ಸೀಮೆ ಇದು. ಇಲ್ಲಿ ಸುಗ್ಗಿಯೆಂದರೆ ಕಾಳಿನ ಜೊತೆಗೆ ಧೂಳೂ ಮನೆಗೆ ಬರುವ ಕಾಲ. ರಾಶಿಯ ಯಂತ್ರದಿಂದೇಳುವ ಹೊಟ್ಟು, ಬದುವಿನಲ್ಲಿ ಬೆಳೆದ ಕಾಂಗ್ರೆಸ್ ಕಸದ ಪರಾಗ, ಬೇಸಗೆಯ ಒಣಗಾಳಿ ಇವೆಲ್ಲ ಸೇರಿ ಹಲವರ ಕಣ್ಣುಗಳನ್ನು ಕೆಂಪಾಗಿಸುತ್ತವೆ. ಕಣ್ಣು ತುರಿಸುತ್ತದೆ, ನೀರು ಸುರಿಯುತ್ತದೆ. ಉಜ್ಜಿದಷ್ಟೂ ತುರಿಕೆ ಹೆಚ್ಚುತ್ತದೆ. ವೈದ್ಯರು ಒಂದು ಹನಿಮದ್ದನ್ನು ಬರೆದುಕೊಡುತ್ತಾರೆ, ಉಪಶಮನವಾಗುತ್ತದೆ. ಆದರೆ ಒಂದು ಸೀಸೆಯಿಂದ ಕೆಲಸ ಮುಗಿಯುವುದಿಲ್ಲ. ಮುಂದಿನ ತಿಂಗಳೂ ಅದು ಬೇಕಾಗುತ್ತದೆ, ಮುಂದಿನ ವರ್ಷವೂ ಬೇಕಾಗುತ್ತದೆ.

ಹೀಗೆ ಮತ್ತೆ ಮತ್ತೆ ಕೊಳ್ಳಬೇಕಾಗಿ ಬಂದಾಗ ಬೆಲೆಯ ಯೋಚನೆ ಬರುವುದು ಸಹಜ. ಅದೇ ಮದ್ದು ಬೇರೆ ಹೆಸರಿನಲ್ಲಿ ಕಡಮೆ ಬೆಲೆಗೆ ಸಿಗುತ್ತದೆಂದು ಯಾರೋ ಹೇಳುತ್ತಾರೆ. ಅದನ್ನು ಕೊಳ್ಳಬಹುದೆ? ಈ ಪ್ರಶ್ನೆಗೆ ಜನರಲ್ಲಿ ಎರಡು ಉತ್ತರಗಳು ರೂಢಿಯಲ್ಲಿವೆ. ‘ಅಗ್ಗದ ಮದ್ದು ಕಳಪೆ, ಕಣ್ಣಿನ ವಿಷಯದಲ್ಲಿ ಜಿಪುಣತನ ಕೂಡದು’ ಎಂಬುದು ಒಂದು. ‘ಕಣ್ಣಿನ ಹನಿಗಳೆಲ್ಲ ಒಂದೇ, ಯಾವುದಾದರೇನು’ ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದನ್ನು ನಂಬಿದವನು ಹಣ ಕಳೆದುಕೊಳ್ಳುತ್ತಾನೆ. ಎರಡನೆಯದನ್ನು ನಂಬಿದವನು ದೃಷ್ಟಿಯನ್ನೇ ಕಳೆದುಕೊಳ್ಳಬಹುದು. ಇವೆರಡರ ನಡುವೆ ಇರುವ ಸುರಕ್ಷಿತವಾದ ದಾರಿ ಯಾವುದೆಂಬುದನ್ನು ಇಲ್ಲಿ ಪರಿಶೀಲಿಸೋಣ.

ಒಗ್ಗದಿಕೆಯೂ ಘಾಟೂ

ಪರಾಗವಾಗಲಿ ಧೂಳಾಗಲಿ ತಾನಾಗಿ ವಿಷವಲ್ಲ. ಒಂದೇ ಹೊಲದಲ್ಲಿ ದುಡಿಯುವವರಲ್ಲಿ ಕೆಲವರ ಕಣ್ಣು ಮಾತ್ರ ಅದಕ್ಕೆ ಮುನಿಯುತ್ತದೆ. ಹೀಗೆ ನಿರಪಾಯವಾದ ವಸ್ತುವನ್ನು ಶತ್ರುವೆಂದು ಬಗೆದು ದೇಹವು ತೋರುವ ಪ್ರತಿಕ್ರಿಯೆಗೆ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ೧೯೦೬ರಲ್ಲಿ ಅಲರ್ಜಿ ಎಂದು ಹೆಸರಿಟ್ಟನು. ಕನ್ನಡದಲ್ಲಿ ಇದನ್ನು ಒಗ್ಗದಿಕೆ ಎನ್ನಬಹುದು.

ರೆಪ್ಪೆಯ ಒಳಮೈಯನ್ನೂ ಕಣ್ಣಿನ ಬಿಳಿಯ ಭಾಗವನ್ನೂ ಒಂದು ತೆಳುಪೊರೆ ಹೊದೆದುಕೊಂಡಿದೆ. ಅದರಲ್ಲಿ ಮಾಸ್ಟ್ ಕೋಶಗಳೆಂಬ ಜೀವಕೋಶಗಳಿವೆ. ಒಂದೊಂದರೊಳಗೂ ಹಿಸ್ಟಮೀನ್ ಎಂಬ ರಾಸಾಯನಿಕ ತುಂಬಿದ ಸಣ್ಣ ಚೀಲಗಳಿವೆ. ಒಗ್ಗದ ಪರಾಗ ಬಂದು ತಗುಲಿದೊಡನೆ ಈ ಚೀಲಗಳು ಒಡೆಯುತ್ತವೆ. ಹೊರಬಿದ್ದ ಹಿಸ್ಟಮೀನ್ ನರಗಳ ತುದಿಯನ್ನು ತಾಕಿದಾಗ ತುರಿಕೆ, ರಕ್ತನಾಳಗಳನ್ನು ತಾಕಿದಾಗ ಕೆಂಪು ಮತ್ತು ಊತ. ಇಷ್ಟೆಲ್ಲ ನಡೆಯಲು ಕೆಲವು ನಿಮಿಷಗಳು ಸಾಕು. ಕಣ್ಣನ್ನು ಉಜ್ಜಿದರೆ ಇನ್ನಷ್ಟು ಚೀಲಗಳು ಒಡೆಯುತ್ತವೆ. ಉಜ್ಜಿದಷ್ಟೂ ತುರಿಕೆ ಹೆಚ್ಚುವುದಕ್ಕೆ ಇದೇ ಕಾರಣ.

ಈಗ ಬಳಕೆಯಲ್ಲಿರುವ ಒಲೊಪಟಡೀನ್, ಕಿಟೋಟಿಫೆನ್, ಅಝೆಲಾಸ್ಟೀನ್ ಮುಂತಾದ ಹನಿಮದ್ದುಗಳು ಎರಡು ಕೆಲಸ ಮಾಡುತ್ತವೆ. ಹಿಸ್ಟಮೀನ್ ಬಂದು ಕೂಡಬೇಕಾದ ಜಾಗದಲ್ಲಿ ತಾವೇ ಮೊದಲು ಹೋಗಿ ಕೂಡುವುದು ಒಂದು. ಬಸ್ಸಿನ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಸ್ಟ್ ಕೋಶದ ಚೀಲಗಳು ಸುಲಭವಾಗಿ ಒಡೆಯದಂತೆ ನೋಡಿಕೊಳ್ಳುವುದು ಇನ್ನೊಂದು.

ಇಲ್ಲಿ ನಮ್ಮ ಸೀಮೆಗೆ ವಿಶೇಷವಾದ ಒಂದು ಮಾತನ್ನು ಹೇಳಬೇಕು. ಬ್ಯಾಡಗಿಯ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಖಾರ ಕಡಮೆ, ಬಣ್ಣ ಹೆಚ್ಚು ಎಂಬುದು ಅದರ ಹೆಗ್ಗಳಿಕೆ. ಆದರೂ ಚೀಲಗಟ್ಟಲೆ ಕಾಯಿ ಸುರಿಯುವ ಮಾರುಕಟ್ಟೆಯಲ್ಲಿ, ಕಾಯಿ ಕುಟ್ಟುವ ಗಿರಣಿಯಲ್ಲಿ ಅದರ ಘಾಟಿನಿಂದ ಕಣ್ಣು ಉರಿಯುವುದುಂಟು. ಇದು ಒಗ್ಗದಿಕೆಯಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಪದಾರ್ಥವು ಸುಮಾರು ೪೩ ಡಿಗ್ರಿಗೆ ಮೇಲ್ಪಟ್ಟ ಸುಡುಬಿಸಿಯನ್ನು ಅರಿಯುವ ನರದ ಗ್ರಾಹಕವನ್ನೇ ನೇರವಾಗಿ ಎಚ್ಚರಿಸುತ್ತದೆ. ಈ ಗ್ರಾಹಕವನ್ನು ೧೯೯೭ರಲ್ಲಿ ಗುರುತಿಸಿದ ಅಮೆರಿಕದ ಡೇವಿಡ್ ಜೂಲಿಯಸ್‌ರಿಗೆ ೨೦೨೧ರಲ್ಲಿ ನೊಬೆಲ್ ಬಹುಮಾನ ಬಂದಿತು. ಇಲ್ಲಿ ಉರಿಯನ್ನು ಹಚ್ಚಿದ್ದು ಹಿಸ್ಟಮೀನ್ ಅಲ್ಲ. ಆದಕಾರಣ ಹಿಸ್ಟಮೀನನ್ನು ತಡೆಯುವ ಮದ್ದಿನಿಂದ ಘಾಟಿನ ಉರಿ ಆರುವುದಿಲ್ಲ. ಶುದ್ಧವಾದ ನೀರಿನಿಂದ ಧಾರಾಳವಾಗಿ ತೊಳೆಯುವುದೇ ಅದಕ್ಕೆ ತಕ್ಕ ಉಪಾಯ. ಗಿರಣಿಯಲ್ಲಿ ನಿಂತು ಹನಿಮದ್ದನ್ನು ಹಾಕಿಕೊಂಡು, ‘ಹೊಸ ಮದ್ದು ಹಿಡಿಯಲಿಲ್ಲ’ ಎಂದು ದೂರುವುದು ನ್ಯಾಯವಲ್ಲ. ತುರಿಕೆ ಮುಂದಾಗಿದ್ದರೆ ಒಗ್ಗದಿಕೆಯನ್ನು ಶಂಕಿಸಬೇಕು. ಉರಿ ಮುಂದಾಗಿದ್ದರೆ ಘಾಟನ್ನೋ ಹೊಗೆಯನ್ನೋ ಕಣ್ಣಿನ ಒಣಗುವಿಕೆಯನ್ನೋ ಶಂಕಿಸಬೇಕು. ನಿರ್ಣಯ ಮಾತ್ರ ವೈದ್ಯರದು.

ಒಂದು ಮದ್ದಿಗೆ ಎರಡು ಹೆಸರು

ಸೀಸೆಯ ಮೇಲೆ ಒಂದು ಹೆಸರಿರುತ್ತದೆ; ಅದು ತಯಾರಕನಿಟ್ಟ ವ್ಯಾಪಾರನಾಮ. ಅದರ ಬಳಿ ಇನ್ನೊಂದು ಹೆಸರಿರುತ್ತದೆ. ಅದು ಮದ್ದಿನ ನಿಜವಾದ ಹೆಸರು. ಇದನ್ನು ಮೂಲನಾಮ ಎನ್ನೋಣ. ಮೂಲನಾಮದಿಂದಲೇ ಮಾರುವ ಔಷಧವನ್ನು ಜೆನೆರಿಕ್ ಎಂದು ಕರೆಯುವುದು ವಾಡಿಕೆ. ಕಣ್ಣಿಗೆ ಬೀಳುವುದು ಮೂಲನಾಮದ ಪದಾರ್ಥ. ವ್ಯಾಪಾರನಾಮ ರಟ್ಟಿನ ಪೆಟ್ಟಿಗೆಯೊಡನೆ ಕಸದ ಬುಟ್ಟಿಗೆ ಹೋಗುತ್ತದೆ.

ಒಲೊಪಟಡೀನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಶೇಕಡಾ ೦.೧ರ ಒಲೊಪಟಡೀನ್ ಹನಿಗೆ ೧೯೯೬ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು; ಪಾಟನಾಲ್ ಎಂಬುದು ಅಲ್ಲಿ ಅದರ ವ್ಯಾಪಾರನಾಮ. ಹೊಸ ಮದ್ದನ್ನು ಕಂಡುಹಿಡಿದವನಿಗೆ ಕೆಲವು ಕಾಲ ಏಕಸ್ವಾಮ್ಯವಿರುತ್ತದೆ; ಅದು ತೀರಿದ ಬಳಿಕ ಬೇರೆಯವರೂ ಅದನ್ನು ತಯಾರಿಸಬಹುದು. ಅವರಿಗೆ ಮೂಲಸಂಶೋಧನೆಯ ವೆಚ್ಚವಿಲ್ಲ. ಮೂಲನಾಮದಿಂದಲೇ ಮಾರಿದರೆ ಜಾಹೀರಾತಿನ ವೆಚ್ಚವೂ ಇಲ್ಲ. ಬೆಲೆ ಇಳಿಯುವುದು ಮುಖ್ಯವಾಗಿ ಈ ಕಾರಣಗಳಿಂದ.

ಭಾರತದಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ. ನಮ್ಮ ೧೯೭೦ರ ಪೇಟೆಂಟ್ ಕಾನೂನು ಔಷಧದ ತಯಾರಿಕೆಯ ವಿಧಾನಕ್ಕೆ ಮಾತ್ರ ಏಕಸ್ವಾಮ್ಯವನ್ನು ಕೊಡುತ್ತಿತ್ತು, ಪದಾರ್ಥಕ್ಕೆ ಕೊಡುತ್ತಿರಲಿಲ್ಲ. ಪದಾರ್ಥಕ್ಕೂ ಪೇಟೆಂಟ್ ಬಂದದ್ದು ೨೦೦೫ರಲ್ಲಿ. ಆ ನಡುವೆ ಒಂದೇ ಪದಾರ್ಥವನ್ನು ಹತ್ತಾರು ಕಾರ್ಖಾನೆಗಳು ಬೇರೆ ಬೇರೆ ವಿಧಾನಗಳಿಂದ ತಯಾರಿಸಿ, ತಮ್ಮ ತಮ್ಮ ಹೆಸರಿಟ್ಟು ಮಾರಿದವು. ಹೀಗಾಗಿ ನಮ್ಮ ಅಂಗಡಿಗಳಲ್ಲಿ ‘ಒಳ್ಳೆಯ ಕಂಪನಿಯದು’ ಎಂದು ಹೆಚ್ಚು ಬೆಲೆ ತೆತ್ತು ಕೊಳ್ಳುವ ಹನಿಮದ್ದು ಕೂಡ ಬಹುಮಟ್ಟಿಗೆ ಮೂಲ ಸಂಶೋಧಕನದಾಗಿರುವುದಿಲ್ಲ. ಅದೂ ಒಂದು ಜೆನೆರಿಕ್ಕೇ. ಹೆಸರಿನ ಅಂಗಿ ತೊಟ್ಟ ಜೆನೆರಿಕ್.

ಅಂಗಿ ತೊಡದ ಮದ್ದುಗಳನ್ನು ಜನರಿಗೆ ಮುಟ್ಟಿಸಲು ಕೇಂದ್ರ ಸರ್ಕಾರವು ೨೦೦೮ರ ನವೆಂಬರಿನಲ್ಲಿ ಜನೌಷಧಿ ಯೋಜನೆಯನ್ನು ಆರಂಭಿಸಿತು. ಹಾವೇರಿಯಂತಹ ಜಿಲ್ಲಾಕೇಂದ್ರಗಳಲ್ಲಿ ಈ ಅಂಗಡಿಗಳಿವೆ. ಮಾರಾಟಕ್ಕೆ ಬಿಡುವ ಮೊದಲು ಮದ್ದಿನ ಪ್ರತಿಯೊಂದು ತಂಡವನ್ನೂ ಮಾನ್ಯತೆ ಪಡೆದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕೆಂಬುದು ಅಲ್ಲಿನ ಕಟ್ಟಳೆ.

ಹನಿಯೊಳಗೆ ಏನೇನಿದೆ?

ಮೂಲನಾಮ ಒಂದೇ ಆದಮಾತ್ರಕ್ಕೆ ಎರಡು ಹನಿಗಳು ಎಲ್ಲ ವಿಧದಲ್ಲಿಯೂ ಒಂದೇ ಆಗುವುದಿಲ್ಲ. ಶೇಕಡಾ ೦.೧ರ ಹನಿಯಲ್ಲಿ ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಮದ್ದು ಮಾತ್ರ ಇರುತ್ತದೆ. ಉಳಿದದ್ದು ನೀರು ಮತ್ತು ಕೆಲವು ಸಹಾಯಕ ದ್ರವ್ಯಗಳು. ಕಣ್ಣಿನ ಸುಖದುಃಖಗಳು ಬಹಳಮಟ್ಟಿಗೆ ಈ ಸಹಾಯಕರ ಕೈಯಲ್ಲಿರುತ್ತವೆ.

ಮೊದಲನೆಯದು ಲವಣ. ನಮ್ಮ ಕಣ್ಣೀರು ಶೇಕಡಾ ೦.೯ರ ಉಪ್ಪುನೀರಿಗೆ ಹೆಚ್ಚುಕಡಮೆ ಸಮನಾದುದು. ಹನಿ ಇದಕ್ಕಿಂತ ತೀರ ಸಪ್ಪೆಯಾದರೆ ನೀರು ಜೀವಕೋಶಗಳ ಒಳಕ್ಕೆ ನುಗ್ಗುತ್ತದೆ. ತೀರ ಉಪ್ಪಾದರೆ ಹೊರಕ್ಕೆ ಹರಿಯುತ್ತದೆ. ಎರಡೂ ಸಂದರ್ಭಗಳಲ್ಲಿ ಕಣ್ಣು ಚುರುಗುಟ್ಟುತ್ತದೆ. ಎರಡನೆಯದು ಆಮ್ಲತೆ. ಕಣ್ಣೀರಿನ ಪಿ-ಎಚ್ ಅಂಕ ಸುಮಾರು ೭.೪. ಒಲೊಪಟಡೀನ್ ಹನಿಯನ್ನು ೭ರ ಸುಮಾರಿನಲ್ಲಿ ತಯಾರಿಸಬಹುದು. ಆದರೆ ಕಿಟೋಟಿಫೆನ್ ಹನಿ ೪.೪ರಿಂದ ೫.೮ರ ನಡುವೆ, ಅಂದರೆ ಸ್ವಲ್ಪ ಹುಳಿಯ ಕಡೆಗೆ ಇರುತ್ತದೆ. ಹಾಕಿದ ಕ್ಷಣದಲ್ಲಿ ಒಂದು ಹನಿ ಚುಚ್ಚಿ ಇನ್ನೊಂದು ಚುಚ್ಚದಿರಲು ಇಂತಹ ವ್ಯತ್ಯಾಸವೇ ಕಾರಣವಾಗಬಹುದು. ಚುಚ್ಚುವುದರಿಂದ ಮದ್ದು ಬಲವಾದುದೆಂದಾಗಲಿ, ಚುಚ್ಚದಿರುವುದರಿಂದ ನೀರು ಬೆರೆತದ್ದೆಂದಾಗಲಿ ಭಾವಿಸಬಾರದು.

ಮೂರನೆಯದು ಕೆಡದಂತೆ ಕಾಯುವ ದ್ರವ್ಯ. ತೆರೆದ ಸೀಸೆಯೊಳಕ್ಕೆ ಸೂಕ್ಷ್ಮಜೀವಿಗಳು ಹೊಕ್ಕರೆ ಅವು ಬೆಳೆಯಬಾರದೆಂದು ಬೆಂಝಾಲ್ಕೋನಿಯಂ ಕ್ಲೋರೈಡ್ ಎಂಬ ರಾಸಾಯನಿಕವನ್ನು ಬೆರೆಸುವುದು ರೂಢಿ, ಶೇಕಡಾ ೦.೦೧ ಎಂಬುದು ಸಾಮಾನ್ಯ ಪ್ರಮಾಣ. ಇದು ಸಾಬೂನಿನ ಜಾತಿಯ ಪದಾರ್ಥ. ಸೂಕ್ಷ್ಮಜೀವಿಗಳನ್ನು ಕೊಲ್ಲುವುದರ ಜೊತೆಗೆ ಕಣ್ಣೀರಿನ ಮೇಲಣ ಎಣ್ಣೆಯ ಪದರವನ್ನೂ ಕದಡುತ್ತದೆ. ಕಣ್ಣು ಒಣಗುವ ತೊಂದರೆಯಿದ್ದವರಿಗೆ, ದಿನಕ್ಕೆ ಹಲವು ಹನಿ ಹಾಕಿಕೊಳ್ಳುವವರಿಗೆ ಇದರಿಂದಲೇ ಉರಿ ಕಾಣಿಸಿಕೊಳ್ಳಬಹುದು. ಮೆದುವಾದ ಕಾಂಟ್ಯಾಕ್ಟ್ ಲೆನ್ಸುಗಳು ಇದನ್ನು ಹೀರಿಕೊಳ್ಳುತ್ತವೆ. ಆದುದರಿಂದ ಲೆನ್ಸನ್ನು ತೆಗೆದು ಹನಿ ಹಾಕಿಕೊಂಡು, ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಮತ್ತೆ ಧರಿಸಬೇಕು. ಸಂರಕ್ಷಕವಿಲ್ಲದ ಹನಿಗಳೂ ದೊರೆಯುತ್ತವೆ. ಅವುಗಳನ್ನು ಬಳಸುತ್ತಿದ್ದವರು ಸಂರಕ್ಷಕವಿರುವ ಹನಿಗೆ ಬದಲಾಯಿಸಿದರೆ ಮೂಲನಾಮ ಒಂದೇ ಆಗಿದ್ದರೂ ಅದು ಕಣ್ಣಿಗೆ ಬೇರೆಯ ಹನಿಯೇ ಸರಿ.

ಮಾತ್ರೆಗಳ ವಿಷಯದಲ್ಲಿ ಎರಡು ತಯಾರಿಕೆಗಳು ಸಮಾನವೆ ಎಂಬುದನ್ನು ರಕ್ತದಲ್ಲಿ ಮದ್ದಿನ ಪ್ರಮಾಣವನ್ನು ಅಳೆದು ತೀರ್ಮಾನಿಸುತ್ತಾರೆ. ಹನಿಮದ್ದು ಕಣ್ಣಿನಲ್ಲಿಯೇ ಕೆಲಸ ಮಾಡುವುದರಿಂದ ರಕ್ತದ ಅಳತೆ ಹೆಚ್ಚೇನನ್ನೂ ಹೇಳುವುದಿಲ್ಲ. ಅಮೆರಿಕದ ಕಟ್ಟಳೆಯ ಪ್ರಕಾರ ಕಣ್ಣಿನ ಜೆನೆರಿಕ್‌ನಲ್ಲಿ ಸಹಾಯಕ ದ್ರವ್ಯಗಳೂ ಮೂಲದಂತೆಯೇ ಇರಬೇಕು. ಸಂರಕ್ಷಕ, ಆಮ್ಲತೆಯನ್ನು ಹಿಡಿದಿಡುವ ದ್ರವ್ಯ, ಲವಣ, ಮಂದಕಾರಕ ಇವುಗಳಲ್ಲಿ ವ್ಯತ್ಯಾಸವಿದ್ದರೆ ಅದರಿಂದ ಕೇಡಿಲ್ಲವೆಂದು ತಯಾರಕನು ತೋರಿಸಿಕೊಡಬೇಕು. ಸೀಸೆಯ ಸಣ್ಣಕ್ಷರಗಳನ್ನು ಓದುವ ಅಭ್ಯಾಸ ಏಕೆ ಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ನಿರ್ಜೀವಾಣುತೆ. ೨೦೨೩ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅನಾಹುತವಾಯಿತು. ತಮಿಳುನಾಡಿನ ಕಾರ್ಖಾನೆಯೊಂದರಲ್ಲಿ ತಯಾರಾಗಿ ಅಲ್ಲಿಗೆ ಹೋಗಿದ್ದ, ಸಂರಕ್ಷಕವಿಲ್ಲದ ಕೃತಕ ಕಣ್ಣೀರಿನ ಹನಿಗಳಿಗೆ ಸಂಬಂಧಿಸಿದ ಸ್ಯೂಡೊಮೋನಾಸ್ ಎಂಬ ಸೂಕ್ಷ್ಮಜೀವಿಯ ಸೋಂಕು ೧೮ ಸಂಸ್ಥಾನಗಳಲ್ಲಿ ೮೧ ಜನರಿಗೆ ತಗುಲಿತು; ೧೪ ಮಂದಿ ದೃಷ್ಟಿ ಕಳೆದುಕೊಂಡರು, ನಾಲ್ವರು ಪ್ರಾಣವನ್ನೇ ಕಳೆದುಕೊಂಡರು. ಅಲ್ಲಿ ಪೆಟ್ಟು ಕೊಟ್ಟಿದ್ದು ನೈರ್ಮಲ್ಯದ ಲೋಪ. ಇಂತಹ ಲೋಪಕ್ಕೆ ದುಬಾರಿ ಅಗ್ಗವೆಂಬ ಭೇದವಿಲ್ಲ. ಆದುದರಿಂದ ತಯಾರಕನ ಹೆಸರು, ಪರವಾನಗಿಯ ಸಂಖ್ಯೆ, ತಂಡದ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇವು ಸ್ಪಷ್ಟವಾಗಿ ಅಚ್ಚಾಗಿರದ, ಅಥವಾ ಮೂತಿಯ ಮೊಹರು ಒಡೆದಿರುವ ಸೀಸೆಯನ್ನು ಯಾವ ಬೆಲೆಗೂ ಕೊಳ್ಳಬಾರದು. ಸಂತೆಯಲ್ಲಿ ಮಾರುವ ಹೆಸರಿಲ್ಲದ ಹನಿಗಳಿಗೂ, ಕಣ್ಣಿಗೆ ಬಿಡುವ ಹರಳೆಣ್ಣೆ ಜೇನುತುಪ್ಪಗಳಿಗೂ ಇದೇ ಆಕ್ಷೇಪಣೆ ಸಲ್ಲುತ್ತದೆ.

ಹನಿಯ ಗಾತ್ರದ ಲೆಕ್ಕ

‘ಹೊಸ ಸೀಸೆ ಬೇಗ ಖಾಲಿಯಾಯಿತು, ಇದರಲ್ಲಿ ಮೋಸವಿದೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇಲ್ಲಿ ಭೌತಶಾಸ್ತ್ರವು ಸಾಕ್ಷಿ ಹೇಳಬಲ್ಲದು.

ಕೊಳವೆಯ ತುದಿಯಲ್ಲಿ ಜೋತುಬಿದ್ದ ಹನಿಯನ್ನು ಕೆಳಕ್ಕೆ ಸೆಳೆಯುವುದು ಅದರ ತೂಕ. ಬೀಳದಂತೆ ಹಿಡಿದಿರುವುದು ದ್ರವದ ಮೇಲ್ಮೈ ಎಳೆತ. ತೂಕ ಎಳೆತವನ್ನು ಮೀರಿದ ಗಳಿಗೆಯಲ್ಲಿ ಹನಿ ಕಳಚಿ ಬೀಳುತ್ತದೆ. ಆದುದರಿಂದ ಹನಿಯ ತೂಕವು ಕೊಳವೆಯ ತುದಿಯ ಅಗಲವನ್ನೂ ದ್ರವದ ಮೇಲ್ಮೈ ಎಳೆತವನ್ನೂ ಅನುಸರಿಸುತ್ತದೆ. ಇಂಗ್ಲೆಂಡಿನ ಥಾಮಸ್ ಟೇಟ್ ೧೮೬೪ರಲ್ಲಿ ಪ್ರಕಟಿಸಿದ ಈ ನಿಯಮವನ್ನು ಇಂದಿಗೂ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಂದ ಮಾಡಿಸುತ್ತೇವೆ. ಮೂರು ಮಿಲಿಮೀಟರ್ ಅಗಲದ ತುದಿಯಿಂದ ಬೀಳುವ ಶುದ್ಧ ನೀರಿನ ಹನಿ ಸುಮಾರು ೪೫ ಮಿಲಿಗ್ರಾಂ ತೂಗುತ್ತದೆ. ಅಂದರೆ ಅದರ ಗಾತ್ರ ೪೫ ಮೈಕ್ರೋಲೀಟರ್; ಒಂದು ಮಿಲಿಲೀಟರಿನ ಸಾವಿರದಲ್ಲಿ ನಾಲ್ವತ್ತೈದು ಪಾಲು.

ಈಗ ಸಂರಕ್ಷಕವನ್ನು ನೆನೆಯಿರಿ. ಅದು ಸಾಬೂನಿನ ಜಾತಿಯದೆಂದು ಹೇಳಿದೆವಷ್ಟೆ. ಸಾಬೂನಿನಂತೆಯೇ ಅದು ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಎಳೆತವು ೭೨ರಿಂದ ೫೦ಕ್ಕೆ ಇಳಿಯಿತೆಂದು ಇಟ್ಟುಕೊಂಡರೆ ಅದೇ ತುದಿಯಿಂದ ಬೀಳುವ ಹನಿ ೩೧ ಮೈಕ್ರೋಲೀಟರಿಗೆ ಇಳಿಯುತ್ತದೆ. ಐದು ಮಿಲಿಲೀಟರಿನ ಸೀಸೆಯಲ್ಲಿ ಮೊದಲ ಲೆಕ್ಕದಂತೆ ೧೧೧ ಹನಿ, ಎರಡನೆಯ ಲೆಕ್ಕದಂತೆ ೧೬೧ ಹನಿ. ದಿನಕ್ಕೆರಡು ಬಾರಿ ಎರಡೂ ಕಣ್ಣಿಗೆ ಹಾಕುವವರಿಗೆ ದಿನಕ್ಕೆ ನಾಲ್ಕು ಹನಿ ಬೇಕು. ಒಂದು ಸೀಸೆ ೨೭ ದಿನ ಬಂದರೆ ಇನ್ನೊಂದು ೪೦ ದಿನ ಬಂದೀತು. ಎರಡರಲ್ಲಿಯೂ ಮದ್ದು ಅಷ್ಟೇ. ಮೋಸ ಯಾರದೂ ಅಲ್ಲ. ಸೀಸೆಯನ್ನು ಓರೆಯಾಗಿ ಹಿಡಿದರೆ ಕೂಡ ಹನಿಯ ಗಾತ್ರ ಬದಲಾಗುತ್ತದೆ.

ಹನಿ ಚಿಕ್ಕದಾದರೆ ಗುಣ ಕಡಮೆಯಾಗುವುದೆ? ಸಾಮಾನ್ಯವಾಗಿ ಇಲ್ಲ. ನಮ್ಮ ಕಣ್ಣಿನಲ್ಲಿ ಸದಾ ಇರುವ ಕಣ್ಣೀರು ಸುಮಾರು ೭ ಮೈಕ್ರೋಲೀಟರ್. ಹೆಚ್ಚೆಂದರೆ ೩೦ರಷ್ಟು ದ್ರವವನ್ನು ಅದು ಕ್ಷಣಕಾಲ ಹಿಡಿದೀತು. ಮಿಕ್ಕದ್ದು ಕೆನ್ನೆಯ ಮೇಲೆ ಹರಿಯುತ್ತದೆ, ಇಲ್ಲವೆ ಕಣ್ಣೀರಿನ ನಾಳದ ಮೂಲಕ ಮೂಗಿಗೂ ಗಂಟಲಿಗೂ ಇಳಿಯುತ್ತದೆ. ಹನಿ ಹಾಕಿದಾಗ ಬಾಯಿ ಕಹಿಯಾಗುವುದು ಇದರಿಂದಲೇ. ಆದುದರಿಂದ ಒಂದು ಬಾರಿಗೆ ಒಂದು ಕಣ್ಣಿಗೆ ಒಂದೇ ಹನಿ ಸಾಕು. ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ. ಬೆಲೆಯನ್ನು ಹೋಲಿಸುವಾಗಲೂ ಸೀಸೆಯ ಬೆಲೆಯನ್ನಷ್ಟೇ ನೋಡದೆ ಅದು ಎಷ್ಟು ದಿನ ಬರುತ್ತದೆಂಬುದನ್ನು ನೋಡಬೇಕು. ಆದರೆ ತೆರೆದ ಸೀಸೆಯನ್ನು ನಾಲ್ಕು ವಾರಗಳಾದ ಮೇಲೆ ಎಸೆಯುವುದು ಸಾಮಾನ್ಯ ನಿಯಮವಾದುದರಿಂದ ಉಳಿದ ಹನಿಗಳ ಮೇಲೆ ಆಸೆಯಿಡುವುದು ತರವಲ್ಲ.

ನಿಜವಾದ ಅಪಾಯ

ಇಲ್ಲಿಯವರೆಗೆ ನೋಡಿದ ವ್ಯತ್ಯಾಸಗಳು ಒಂದೇ ಮದ್ದಿನೊಳಗಣ ವ್ಯತ್ಯಾಸಗಳು. ಅವುಗಳಿಂದ ಕಿರಿಕಿರಿಯಾಗಬಹುದು, ದೊಡ್ಡ ಕೇಡು ಅಪರೂಪ. ಬದಲಿಯ ಹೆಸರಿನಲ್ಲಿ ಬೇರೆಯ ಮದ್ದೇ ಕೈಗೆ ಬಂದಾಗ ನಿಜವಾದ ಅಪಾಯ ಒದಗುತ್ತದೆ.

ಪ್ರಮಾಣದ ಅದಲುಬದಲು ಇದರಲ್ಲಿ ಸೌಮ್ಯವಾದುದು. ಒಲೊಪಟಡೀನ್ ಶೇಕಡಾ ೦.೧, ೦.೨ ಮುಂತಾದ ಬಲಗಳಲ್ಲಿ ದೊರೆಯುತ್ತದೆ. ಮೊದಲನೆಯದನ್ನು ದಿನಕ್ಕೆ ಎರಡು ಬಾರಿ, ಎರಡನೆಯದನ್ನು ಒಂದೇ ಬಾರಿ ಹಾಕುವುದು ಕ್ರಮ. ಅಂಕಿಯನ್ನು ನೋಡದೆ ಬದಲಾಯಿಸಿದರೆ ಮದ್ದು ಇಮ್ಮಡಿಯಾಗುತ್ತದೆ ಇಲ್ಲವೆ ಅರ್ಧವಾಗುತ್ತದೆ. ಸೋಡಿಯಂ ಕ್ರೋಮೋಗ್ಲೈಕೇಟ್ ಎಂಬ ಹಳೆಯ ಮದ್ದೂ ಒಗ್ಗದಿಕೆಯದೇ. ಆದರೆ ಅದು ಚೀಲಗಳು ಒಡೆಯದಂತೆ ಕಾಯುವುದೇ ಹೊರತು ಹೊರಬಿದ್ದ ಹಿಸ್ಟಮೀನನ್ನು ತಡೆಯುವುದಿಲ್ಲ. ದಿನಕ್ಕೆ ನಾಲ್ಕು ಬಾರಿ ಹಾಕಬೇಕು, ಪೂರ್ಣ ಗುಣ ಕಾಣಲು ದಿನಗಳೇ ಬೇಕು. ಕೆಂಪನ್ನು ತಟ್ಟನೆ ಇಳಿಸುವ ನಾಫಜೋಲೀನ್ ಜಾತಿಯ ಹನಿಗಳು ರಕ್ತನಾಳಗಳನ್ನು ಬಿಗಿಹಿಡಿಯುತ್ತವೆ. ಬಹಳ ದಿನ ಬಳಸಿ ಬಿಟ್ಟರೆ ಕೆಂಪು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ.

ಅತ್ಯಂತ ಅಪಾಯಕರವಾದುದು ಸ್ಟೀರಾಯ್ಡ್. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್ ಮುಂತಾದವು ಈ ಕುಲಕ್ಕೆ ಸೇರಿದವು. ಕೆಲವೊಮ್ಮೆ ಸೂಕ್ಷ್ಮಜೀವಿನಾಶಕದ ಜೊತೆಗೆ ಬೆರೆತು ಒಂದೇ ಸೀಸೆಯಲ್ಲಿರುತ್ತವೆ. ಅವುಗಳ ಗುಣ ಬೆರಗುಗೊಳಿಸುವಂತಹದು: ಎರಡು ದಿನಗಳಲ್ಲಿ ತುರಿಕೆಯೂ ಕೆಂಪೂ ಮಾಯವಾಗುತ್ತವೆ. ಇದೇ ಅವುಗಳ ಬಲೆ. ವಾರಗಟ್ಟಲೆ ಬಳಸಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನೊಳಗಿನ ಒತ್ತಡ ಏರುತ್ತದೆಂದು ೧೯೬೦ರ ದಶಕದಲ್ಲಿಯೇ ತಿಳಿದುಬಂದಿದೆ. ಸಾಮಾನ್ಯವಾಗಿ ಈ ಒತ್ತಡ ಪಾದರಸದ ೧೦ರಿಂದ ೨೧ ಮಿಲಿಮೀಟರಿನೊಳಗೆ ಇರುತ್ತದೆ. ಅದು ಮೇಲೇರಿ ನಿಂತರೆ ದೃಷ್ಟಿನರ ಮೆಲ್ಲಮೆಲ್ಲನೆ ಸಾಯುತ್ತದೆ. ಗ್ಲಾಕೋಮ ಎಂಬ ರೋಗ ಇದೇ. ನೋವಿಲ್ಲ, ಕೆಂಪಿಲ್ಲ, ಅಂಚಿನಿಂದ ನೋಟ ಕಿರಿದಾಗುತ್ತ ಬರುತ್ತದೆ. ಹೋದ ದೃಷ್ಟಿ ಹಿಂದಕ್ಕೆ ಬರುವುದಿಲ್ಲ. ಇದಲ್ಲದೆ ಮಸೂರದಲ್ಲಿ ಪೊರೆ ಬೆಳೆಯುವ ಭಯವೂ ಉಂಟು.

ಈ ಮಾತು ಮುಖ್ಯವಾಗಿ ಮಕ್ಕಳ ತಂದೆತಾಯಿಗಳಿಗೆ. ಬಿಸಿಯಾದ ಒಣಸೀಮೆಗಳಲ್ಲಿ ವರ್ನಲ್ ಎಂಬ ಬಗೆಯ ಕಣ್ಣಿನ ಒಗ್ಗದಿಕೆ ಹೆಚ್ಚಾಗಿ ಗಂಡುಮಕ್ಕಳನ್ನು ಹಿಡಿಯುತ್ತದೆ. ಬೇಸಗೆ ಬಂದಂತೆಲ್ಲ ಮರುಕಳಿಸುತ್ತ ವರ್ಷಗಟ್ಟಲೆ ಕಾಡುತ್ತದೆ. ಹುಡುಗ ಬೆಳಕನ್ನು ಸಹಿಸಲಾರ, ಪುಸ್ತಕ ಹಿಡಿಯಲಾರ. ಎಂದೋ ಒಮ್ಮೆ ವೈದ್ಯರು ಕೆಲವು ದಿನಗಳಿಗೆಂದು ಬರೆದ ಸ್ಟೀರಾಯ್ಡ್ ಹನಿಯ ಖಾಲಿ ಸೀಸೆಯನ್ನು ಅಂಗಡಿಗೆ ಒಯ್ದು ‘ಇಂಥಾದ್ದೇ ಕೊಡ್ರಿ’ ಎಂದು ಪ್ರತಿ ಬೇಸಗೆಯೂ ತಂದು ಹಾಕುವ ಮನೆಗಳಿವೆ. ತುರಿಕೆ ನಿಂತದ್ದನ್ನು ಕಂಡು ಅವರು ನೆಮ್ಮದಿಯಿಂದಿರುತ್ತಾರೆ. ಒಳಗೆ ಒತ್ತಡ ಏರುತ್ತಿರುವುದು ಯಾರಿಗೂ ಕಾಣುವುದಿಲ್ಲ. ವೈದ್ಯರು ಸ್ಟೀರಾಯ್ಡನ್ನು ಬರೆಯುವುದೇ ತಪ್ಪೆಂದು ಇದರ ಅರ್ಥವಲ್ಲ. ಬರೆದವರೇ ಅವಧಿಯನ್ನು ಗೊತ್ತುಪಡಿಸಬೇಕು, ಒತ್ತಡವನ್ನು ಅಳೆಯುತ್ತಿರಬೇಕು ಎಂದು ಅರ್ಥ.

ಬದಲಾಯಿಸುವ ಕ್ರಮ

ಕಾನೂನಿನ ಒಂದು ಅಂಶವನ್ನು ಮೊದಲು ತಿಳಿದಿರಬೇಕು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮದ್ದುಗಳ ಪಟ್ಟಿಗೆ ಷೆಡ್ಯೂಲ್ ಎಚ್ ಎಂದು ಹೆಸರು. ಈ ಪಟ್ಟಿಯ ಮದ್ದಿನ ಬದಲಿಗೆ ಅದೇ ಪದಾರ್ಥವಿರುವ ಬೇರೆ ತಯಾರಿಕೆಯನ್ನು ಕೂಡ ಅಂಗಡಿಯವರು ತಾವಾಗಿ ಕೊಡುವಂತಿಲ್ಲವೆಂದು ೧೯೪೫ರ ಔಷಧ ನಿಯಮಗಳು ಹೇಳುತ್ತವೆ. ಆದುದರಿಂದ ಬದಲಾವಣೆ ಆರಂಭವಾಗಬೇಕಾದ ಸ್ಥಳ ವೈದ್ಯರ ಕೊಠಡಿ. ಔಷಧಗಳನ್ನು ಮೂಲನಾಮದಿಂದ, ಓದಲು ಬರುವಂತೆ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು ೨೦೧೬ರಲ್ಲಿ ತನ್ನ ನಿಯಮವನ್ನು ತಿದ್ದಿತು. ‘ಡಾಕ್ಟರೇ, ಇದರ ಮೂಲನಾಮವನ್ನೂ ಪ್ರಮಾಣವನ್ನೂ ಬರೆದುಕೊಡಿರಿ, ಜನೌಷಧಿಯಲ್ಲಿ ಕೊಳ್ಳುತ್ತೇವೆ’ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಎರಡನೆಯದಾಗಿ, ಹಳೆಯ ಸೀಸೆಯನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ಮೂರು ಸಂಗತಿಗಳನ್ನು ಹೋಲಿಸಬೇಕು: ಮದ್ದಿನ ಮೂಲನಾಮ, ಅದರ ಶೇಕಡಾ ಪ್ರಮಾಣ, ಸಂರಕ್ಷಕದ ಹೆಸರು. ಇಂಗ್ಲಿಷ್ ಓದಲು ಬಾರದವರು ಮನೆಯಲ್ಲಿ ಶಾಲೆಗೆ ಹೋಗುವ ಮಗುವಿನಿಂದ ಓದಿಸಬಹುದು. ಒಂದರಲ್ಲಿ ಶೇಕಡಾ ೦.೧ ಎಂದೂ ಇನ್ನೊಂದರಲ್ಲಿ ಮಿಲಿಲೀಟರಿಗೆ ೧ ಮಿಲಿಗ್ರಾಂ ಎಂದೂ ಇದ್ದರೆ ಗಾಬರಿಯಾಗಬೇಕಾಗಿಲ್ಲ, ಎರಡೂ ಒಂದೇ. ಮೂಲನಾಮದ ಮುಂದಿರುವ ಐ.ಪಿ. ಎಂಬ ಎರಡಕ್ಷರಗಳು ೧೯೫೫ರಲ್ಲಿ ಮೊದಲು ಪ್ರಕಟವಾದ ಭಾರತೀಯ ಔಷಧಸಂಹಿತೆಯ ಮಟ್ಟಕ್ಕೆ ಮದ್ದು ಒಳಪಟ್ಟಿದೆಯೆಂಬುದರ ಗುರುತು. ಮೂಲನಾಮದ ಜೊತೆಗೆ ಎರಡನೆಯ ಮದ್ದಿನ ಹೆಸರು ಕಂಡರೆ ಅಲ್ಲಿಯೇ ನಿಲ್ಲಬೇಕು. ವೈದ್ಯರನ್ನು ಕೇಳದೆ ಅದನ್ನು ಹಾಕಬಾರದು.

ಮೂರನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಪ್ರಯೋಗಶಾಲೆಯಲ್ಲಿ ನಾವು ಪಾಲಿಸುವ ನಿಯಮವೇ ಇದು. ರಾಶಿ ನಡೆದಿರುವ ವಾರದಲ್ಲಿ ಹೊಸ ಹನಿಯನ್ನು ಆರಂಭಿಸಿದರೆ ಕಣ್ಣು ಕೆಂಪಾದದ್ದು ಧೂಳಿನಿಂದಲೋ ಮದ್ದಿನಿಂದಲೋ ತಿಳಿಯುವುದು ಹೇಗೆ? ಕಣ್ಣು ಶಾಂತವಾಗಿರುವ ದಿನಗಳಲ್ಲಿ ಆರಂಭಿಸಿ, ಹಾಕುವ ಹೊತ್ತನ್ನೂ ಬಾರಿಗಳನ್ನೂ ಮೊದಲಿನಂತೆಯೇ ಇಟ್ಟುಕೊಂಡು, ಒಂದು ವಾರ ಗಮನಿಸಬೇಕು. ಹಾಕಿದೊಡನೆ ಕೆಲವು ಕ್ಷಣ ಚುರುಗುಟ್ಟಿ ಶಮನವಾದರೆ ಚಿಂತೆಯಿಲ್ಲ. ಹಾಕಿದಾಗಲೆಲ್ಲ ಕೆಂಪು ಹೆಚ್ಚುತ್ತಿದ್ದರೆ, ರೆಪ್ಪೆಯ ಚರ್ಮ ಊದಿ ಸಿಪ್ಪೆಯೆದ್ದರೆ, ಸಂರಕ್ಷಕವೇ ಒಗ್ಗದಿರಬಹುದು. ನಿಲ್ಲಿಸಿ ವೈದ್ಯರಿಗೆ ಎರಡೂ ಸೀಸೆಗಳನ್ನು ತೋರಿಸಬೇಕು. ನೋವು, ನೋಟ ಮಬ್ಬಾಗುವುದು, ಬೆಳಕನ್ನು ಸಹಿಸಲಾಗದಿರುವುದು, ಕೀವು ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೆಯದಾಗಿ, ಹಾಕುವ ರೀತಿ. ಕೈ ತೊಳೆದು, ಕೆಳರೆಪ್ಪೆಯನ್ನು ತುಸು ಎಳೆದು, ತುದಿ ಕಣ್ಣಿಗೂ ರೆಪ್ಪೆಗೂ ತಾಕದಂತೆ ಒಂದು ಹನಿ ಬಿಡಬೇಕು. ಬಳಿಕ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿದರೆ ಮದ್ದು ಗಂಟಲಿಗೆ ಇಳಿಯದೆ ಕಣ್ಣಿನಲ್ಲಿ ನಿಲ್ಲುತ್ತದೆ. ಬೇರೊಂದು ಹನಿಯೂ ಇದ್ದರೆ ಐದು ನಿಮಿಷ ತಡೆದು ಹಾಕಬೇಕು. ಸೀಸೆಯನ್ನು ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡಬೇಕು. ಒಬ್ಬರ ಸೀಸೆಯನ್ನು ಇನ್ನೊಬ್ಬರು ಬಳಸಬಾರದು. ಏಪ್ರಿಲಿನಲ್ಲಿ ನಮ್ಮ ಕಡೆ ಬಿಸಿಲು ೩೫ ಡಿಗ್ರಿಯನ್ನು ದಾಟುವುದು ಸಾಮಾನ್ಯ. ಹಲವು ಹನಿಮದ್ದುಗಳನ್ನು ೨೫ ಡಿಗ್ರಿಯೊಳಗೆ ಇಡಬೇಕೆಂದು ಬರೆದಿರುತ್ತದೆ. ತಗಡಿನ ಮಾಡಿನ ಕೆಳಗೆ, ಟ್ರಾಕ್ಟರಿನ ಪೆಟ್ಟಿಗೆಯಲ್ಲಿ, ಅಂಗಿಯ ಜೇಬಿನಲ್ಲಿ ಇಟ್ಟು ತಿರುಗಿದ ಸೀಸೆ, ಅದು ಯಾವ ಹೆಸರಿನದಾದರೂ, ತನ್ನ ಬಲವನ್ನು ಕಳೆದುಕೊಂಡೀತು. ಮನೆಯ ತಣ್ಣನೆಯ ಕತ್ತಲೆಯ ಗೂಡು ಅದಕ್ಕೆ ತಕ್ಕ ಸ್ಥಳ.

ಮಕ್ಕಳು, ಗರ್ಭಿಣಿಯರು, ಕಣ್ಣಿನ ಶಸ್ತ್ರಚಿಕಿತ್ಸೆಯಾದವರು, ಗ್ಲಾಕೋಮಕ್ಕೆ ಮದ್ದು ಹಾಕುತ್ತಿರುವವರು, ಸಂರಕ್ಷಕವಿಲ್ಲದ ಹನಿಯನ್ನು ಬಳಸುತ್ತಿರುವವರು, ಇವರ ವಿಷಯದಲ್ಲಿ ಹೆಸರಿನ ಬದಲಾವಣೆಯನ್ನು ಕೂಡ ಕಣ್ಣಿನ ವೈದ್ಯರಿಗೆ ಮೊದಲೇ ತಿಳಿಸಬೇಕು.

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಚೀಲದ ಮೇಲಿನ ಗುರುತನ್ನಷ್ಟೇ ನೋಡಿ ಬೆಲೆ ಕಟ್ಟುವುದಿಲ್ಲ. ಬಾಯಿ ಬಿಚ್ಚಿ ಕೈ ಹಾಕಿ, ಕಾಯಿಯ ಬಣ್ಣ, ನಿರಿಗೆ, ಒಣಗಿದ ಹದ ಇವನ್ನು ನೋಡುತ್ತಾರೆ. ಕಣ್ಣಿನ ಹನಿಮದ್ದಿಗೂ ಅಂತಹುದೇ ಪರೀಕ್ಷೆ ಸಲ್ಲಬೇಕು. ಮೂಲನಾಮ, ಪ್ರಮಾಣ, ಸಂರಕ್ಷಕ ಮೂರೂ ಕೂಡಿಬಂದು, ವೈದ್ಯರ ಒಪ್ಪಿಗೆಯೂ ಇದ್ದರೆ ಅಗ್ಗದ ಸೀಸೆಯನ್ನು ಧೈರ್ಯವಾಗಿ ಕೊಳ್ಳಬಹುದು. ಮೂಲನಾಮ ಅಥವಾ ಪ್ರಮಾಣ ಬೇರೆಯಾಗಿದ್ದರೆ ಅದನ್ನು ಬದಲಿ ಎಂದು ಕರೆಯುವುದೇ ತಪ್ಪು.